ಆಟ ಅನ್ನ ಹಾಕುತ್ತದೆಯೇ?

"ಆಟ ಆಡ್ಕೊಂಡಿದ್ರೆ ಅನ್ನ ಹಾಕ್ತದಾ ಮೇಡಮ್ಮೋರೆ?"

ಮೇಷ್ಟರಗಿರಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದೇ ಇರಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಲಕ್ಷಗಟ್ಟಲೆ ವ್ಯಾಪಾರ ಮಾಡುವವರೂ ಕೇಳುತ್ತಾರೆ. ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಹಚ್ಚಿ ಸಂಸಾರ ತೂಗಿಸುವ ತಾಯಿಯೂ ಕೇಳುತ್ತಾಳೆ. ಕನಕಪುರ, ಮಾಗಡಿಗಳಲ್ಲೂ ಬೇರೆ ಮಾತಿಲ್ಲ. ಜಾತಿ, ಮತ, ಐಶ್ವರ್ಯ ಯಾವುದರಲ್ಲೂ ಒಂದಾಗದ ನಮ್ಮ ಜನ ಈ ಒಂದು ಪ್ರಶ್ನೆಯಲ್ಲಿ ಮಾತ್ರ ಒಂದಾಗಿದ್ದಾರೆ.

ಆದರೆ ಒಂದು ವಿಷಯ ಗಮನಿಸಿ. ಈ ಪ್ರಶ್ನೆ ಕೇಳುವುದು ಹೆಣ್ಣುಮಕ್ಕಳ ವಿಚಾರಕ್ಕೆ ಮಾತ್ರ. ಗಂಡುಹುಡುಗ ಭಾನುವಾರ ಬೆಳಿಗ್ಗೆ ಬ್ಯಾಟು ಹಿಡಿದು ಹೋದವನು ಹೊತ್ತು ಮುಳುಗಿದ ಮೇಲೆ ಮನೆಗೆ ಬಂದರೂ "ಹುಡುಗ್ರು, ಆಡ್ಲಿ ಬಿಡಿ" ಎನ್ನುತ್ತೇವೆ. ಅವನ ಆಟ ಎಂದಾದರೂ ಅನ್ನ ಹಾಕಿತೇ? ಹಾಕಿಲ್ಲ. ಅವನಿಗೆ ಅನ್ನ ಹಾಕಿದ್ದು ಅಮ್ಮ. ಅದನ್ನು ಬಿಸಿಮಾಡಿ ಬಡಿಸಿದ್ದು ಅಕ್ಕ. ಅಂದಮೇಲೆ ಈ ಪ್ರಶ್ನೆ ನಿಜವಾಗಿ ಅನ್ನದ್ದಲ್ಲ, ಅನ್ನದ ಸೋಗು ಹಾಕಿಕೊಂಡ ಬೇರೆ ಪ್ರಶ್ನೆ.

ಆದರೂ ಕೇಳಿದವರು ಪ್ರಾಮಾಣಿಕವಾಗಿಯೇ ಕೇಳಿದ್ದಾರೆಂದು ತಿಳಿದು ಮೊದಲು ಉತ್ತರ ಕೊಡೋಣ.

ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ಹೆಸರು ನಿಮಗೆ ನೆನಪಿರಬಹುದು. 1976ರಲ್ಲಿ ಭಾರತದ ಮಹಿಳೆಯರು ಮೊದಲ ಬಾರಿಗೆ ಟೆಸ್ಟ್ ಕ್ರಿಕೆಟ್ ಆಡಿದಾಗ ಅವರೇ ನಾಯಕಿ. ವೆಸ್ಟ್ ಇಂಡೀಸ್ ವಿರುದ್ಧದ ಆ ಮೊದಲ ಪಂದ್ಯ ನಡೆದದ್ದು ಬೆಂಗಳೂರಿನಲ್ಲೇ. ಅದೇ ವರ್ಷ ನವೆಂಬರಿನಲ್ಲಿ ಪಾಟ್ನಾದಲ್ಲಿ ತಂಡಕ್ಕೆ ಮೊದಲ ಗೆಲುವು ತಂದರು. 1977ರಲ್ಲಿ ನ್ಯೂಜಿಲೆಂಡಿನಲ್ಲಿ 108 ರನ್ ಹೊಡೆದು, ಟೆಸ್ಟ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆಯಾದರು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿಯೂ ಅವರೇ. ಇಷ್ಟೆಲ್ಲ ಮಾಡಿದವರಿಗೆ ಆಟ ಅನ್ನ ಹಾಕಿತೇ? ಇಲ್ಲ. ರಿಸರ್ವೇಶನ್ ಇಲ್ಲದ ರೈಲು ಡಬ್ಬಿಗಳಲ್ಲಿ ಪ್ರಯಾಣ, ಡಾರ್ಮಿಟರಿಗಳಲ್ಲಿ ವಾಸ. ಅವರ ಕಾಲದ ಆಟಗಾರ್ತಿಯರೆಲ್ಲರ ಪಾಡೂ ಅದೇ. ಜೀವನಕ್ಕೆ ಆಧಾರವಾದದ್ದು ಕೆನರಾ ಬ್ಯಾಂಕಿನ ನೌಕರಿ.

"ನೋಡಿದ್ರಾ, ನಾವು ಹೇಳಿದ್ದೂ ಅದೇ ಅಲ್ಲವೇ?" ಎಂದು ನೀವು ಗೆದ್ದವರಂತೆ ನಗಬೇಡಿ. ಕತೆ ಅಲ್ಲಿಗೆ ಮುಗಿಯಲಿಲ್ಲ. 2006ರಲ್ಲಿ ಮಹಿಳಾ ಕ್ರಿಕೆಟ್ಟನ್ನು ಕ್ರಿಕೆಟ್ ಮಂಡಳಿ ತನ್ನ ತೆಕ್ಕೆಗೆ ತೆಗೆದುಕೊಂಡಿತು. 2022ರ ಅಕ್ಟೋಬರಿನಲ್ಲಿ ಗಂಡಸರಿಗೂ ಹೆಂಗಸರಿಗೂ ಪಂದ್ಯದ ಸಂಭಾವನೆ ಒಂದೇ ಎಂದು ಸಾರಿತು: ಟೆಸ್ಟಿಗೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ ರೂಪಾಯಿ. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಬಂತು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ ಎತ್ತಿ ಹಿಡಿದರು. ಈಗ ಹೇಳಿ, ಶಾಂತಾ ಅವರ ಬ್ಯಾಟಿಗೂ ಇಂದಿನ ಹುಡುಗಿಯರ ಬ್ಯಾಟಿಗೂ ಏನು ವ್ಯತ್ಯಾಸ? ಮರ ಅದೇ, ಚೆಂಡು ಅದೇ, ಬೆವರೂ ಅದೇ. ಬದಲಾದದ್ದು ಕೊಡುವ ಕೈ ಮಾತ್ರ. ಆಟಕ್ಕೆ ಅನ್ನ ಹಾಕುವ ಶಕ್ತಿ ಇರಲಿಲ್ಲವೆಂದಲ್ಲ, ಬಡಿಸಬೇಕಾದವರು ಸೌಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ಬಡಿಸಿಕೊಳ್ಳಬೇಕಾದರೆ ಕೇಳಬೇಕು. ಕೇಳಿ ಪಡೆದ ಆಟ ಟೆನಿಸ್. 1973ರಲ್ಲಿ ಅಮೆರಿಕನ್ ಓಪನ್ ಗಂಡು ಹೆಣ್ಣೆನ್ನದೆ ಸಮಾನ ಬಹುಮಾನ ಕೊಡತೊಡಗಿದ್ದು ಬಿಲ್ಲಿ ಜೀನ್ ಕಿಂಗ್ ಮೊದಲಾದವರು ಹಠ ಹಿಡಿದಿದ್ದರಿಂದ. ವಿಂಬಲ್ಡನ್ನಿನ ದೊಡ್ಡ ಮನುಷ್ಯರಿಗೆ ಅದೇ ಬುದ್ಧಿ ಬರಲು 2007ರವರೆಗೆ ಬೇಕಾಯಿತು. 2025ರಲ್ಲಿ ಅಮೆರಿಕನ್ ಓಪನ್ ಗೆದ್ದ ಅರಿನಾ ಸಬಲೆಂಕಾಗೆ ಸಿಕ್ಕಿದ್ದು 50 ಲಕ್ಷ ಡಾಲರ್. ಗಂಡಸರಲ್ಲಿ ಗೆದ್ದವನಿಗೂ ಅಷ್ಟೇ. ಈ ಸಬಲೆಂಕಾ ಬೆಲಾರೂಸ್ ಎಂಬ ದೇಶದವಳು. ಒಂದು ಕೋಟಿಗೂ ಕಡಿಮೆ ಜನ ಇರುವ ದೇಶ, ಅಂದರೆ ಜನಸಂಖ್ಯೆಯಲ್ಲಿ ನಮ್ಮ ಬೆಂಗಳೂರಿಗಿಂತ ಚಿಕ್ಕದು. 2017ರಲ್ಲಿ ಅವಳು ಮುಂಬಯಿಗೆ ಬಂದು ಅಲ್ಲಿನ ಒಂದು ಟೂರ್ನಿ ಗೆದ್ದು ಹೋದಾಗ ನಮ್ಮಲ್ಲಿ ಎಷ್ಟು ಜನ ತಿರುಗಿ ನೋಡಿದೆವು?

ಅದೇ ದೇಶದ ಇನ್ನೊಬ್ಬ ಹೆಣ್ಣುಮಗಳ ಕತೆ ನಮ್ಮೂರಿನ ತಾಯಂದಿರಿಗೆ ಗೊತ್ತಿರಬೇಕು. ನತಾಶಾ ಜ್ವೆರೆವಾ, ಮಿನ್ಸ್ಕ್ ಪಟ್ಟಣದವಳು. ಆಗ ಅದು ಸೋವಿಯತ್ ಒಕ್ಕೂಟ. 1988ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಫ್ರೆಂಚ್ ಓಪನ್ ಫೈನಲ್ ಮುಟ್ಟಿದಳು. ಅಲ್ಲಿ ಸ್ಟೆಫಿ ಗ್ರಾಫ್ ಕೈಯಲ್ಲಿ ಒಂದು ಗೇಮನ್ನೂ ಗೆಲ್ಲದೆ 6-0, 6-0ಯಿಂದ ಸೋತಳು. ಇಡೀ ಜಗತ್ತಿನ ಮುಂದೆ ಅಂಥ ಸೋಲು! ನಮ್ಮ ಮನೆಯಾಗಿದ್ದರೆ ಅವತ್ತೇ ರಾಕೆಟ್ಟು ಅಟ್ಟ ಸೇರುತ್ತಿತ್ತು. ಅವಳು ಬಿಡಲಿಲ್ಲ. ಡಬಲ್ಸ್ ಹಿಡಿದಳು. ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ 18 ಮಹಿಳಾ ಡಬಲ್ಸ್ ಪ್ರಶಸ್ತಿ ಗೆದ್ದಳು.

ನಾನು ಹೇಳಹೊರಟಿದ್ದು ಆ ಗೆಲುವುಗಳನ್ನಲ್ಲ. ಆಗ ಸೋವಿಯತ್ ಆಟಗಾರರು ಗೆದ್ದ ಹಣವೆಲ್ಲ ಅವರ ಫೆಡರೇಶನ್ ಕೈಸೇರುತ್ತಿತ್ತು. ಆಡಿದವರ ಕೈಗೆ ಪುಡಿಗಾಸು. 1989ರಲ್ಲಿ ಅಮೆರಿಕದ ಹಿಲ್ಟನ್ ಹೆಡ್‌ನಲ್ಲಿ ಫೈನಲ್ ಮುಗಿದ ಮೇಲೆ, ಹತ್ತೊಂಬತ್ತೂ ತುಂಬದ ಈ ಹುಡುಗಿ ಎಲ್ಲರೆದುರು ನಿಂತು, ಆಡಿದವಳು ನಾನು, ಹಣ ನನಗೆ ಸಿಗಬೇಕು ಎಂದು ಬಾಯಿಬಿಟ್ಟು ಕೇಳಿದಳು. ಸರ್ಕಾರದ ಎದುರು ಪಿಟ್ಟೆನ್ನಲು ದೊಡ್ಡ ದೊಡ್ಡವರೇ ಹೆದರುತ್ತಿದ್ದ ದೇಶ ಅದು.

ಎಲ್ಲಿಯ ಮಿನ್ಸ್ಕ್, ಎಲ್ಲಿಯ ಮಾಗಡಿ ಅನ್ನುತ್ತೀರಾ? ಹತ್ತಿರವೇ ಇದೆ, ಬನ್ನಿ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ಕಬಡ್ಡಿಯಲ್ಲಿ ರೈಡಿಗೆ ಹೋದರೆ ಬರಿಗೈಯಲ್ಲಿ ಬಂದವಳಲ್ಲ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ದಾಟಿ ಜಿಲ್ಲಾ ಮಟ್ಟದಲ್ಲೂ ಗೆದ್ದಳು. ಮುಂದಿನ ಪಂದ್ಯಕ್ಕೆ ಎರಡು ರಾತ್ರಿ ಪರಸ್ಥಳದಲ್ಲಿ ಉಳಿಯಬೇಕಿತ್ತು. "ವಯಸ್ಸಿಗೆ ಬಂದ ಹುಡ್ಗೀನ ಕಂಡವರ ಊರಲ್ಲಿ ಮಲಗಿಸೋಕಾಗಲ್ಲ ಮೇಡಮ್ಮೋರೆ" ಎಂದರು ಮನೆಯವರು. ಅಲ್ಲಿಗೆ ಕಬಡ್ಡಿ ಮುಗಿಯಿತು. ಪಿ.ಯು.ಸಿ. ಅರ್ಧಕ್ಕೆ ನಿಂತಿತು. ಹದಿನೆಂಟು ತುಂಬುತ್ತಲೇ ಗಾರ್ಮೆಂಟ್ಸ್ ಸೇರಿದಳು. ಬೆಳಕು ಹರಿಯುವ ಮುಂಚೆ ವ್ಯಾನು ಹತ್ತುತ್ತಾಳೆ, ಕತ್ತಲಾದ ಮೇಲೆ ಇಳಿಯುತ್ತಾಳೆ. ಈಗ ಪರಸ್ಥಳದ ಭಯವೂ ಇಲ್ಲ, ಕತ್ತಲ ಭಯವೂ ಇಲ್ಲ. ಸಂಬಳದ ದಿನ ದುಡ್ಡು ಅಪ್ಪನ ಕೈಗೆ. ಅಲ್ಲಿಂದ ಅಣ್ಣನ ಬೈಕಿನ ಕಂತಿಗೆ.

ಹೀಗಿರುವಾಗ "ಆಟ ಅನ್ನ ಹಾಕುತ್ತದೆಯೇ" ಎಂಬ ಪ್ರಶ್ನೆಯ ನಿಜವಾದ ಅರ್ಥ ಏನು? "ಅವಳ ಆಟ ನಮಗೆ ಅನ್ನ ಹಾಕುತ್ತದೆಯೇ" ಎಂದಲ್ಲವೇ? ಹಾಕುವುದಾದರೆ ಕತ್ತಲೂ ಸರಿ, ದೂರವೂ ಸರಿ. ಅವಳ ಸಂತೋಷಕ್ಕೆ ಮಾತ್ರ ಆದರೆ ಮರ್ಯಾದೆ ಅಡ್ಡ ಬರುತ್ತದೆ. ಅಲ್ಲಿ ಫೆಡರೇಶನ್ ಕೈಚಾಚಿತ್ತು. ಇಲ್ಲಿ ಕೈಚಾಚುವವರು ನಮ್ಮವರೇ. ಅದಕ್ಕೇ ಇಲ್ಲಿ ಕೇಳುವುದು ಇನ್ನೂ ಕಷ್ಟ.

ಇನ್ನು ಮೈಬಣ್ಣದ ಮಾತು. "ಬಿಸಿಲಲ್ಲಿ ಆಡಿದ್ರೆ ಹುಡುಗಿ ಕಪ್ಪಾಗ್ತಾಳೆ, ಮೈ ಗಂಡುಬೀರಿ ಥರ ಆಗ್ತದೆ." ನಮ್ಮ ಕಡೆ ನೂಲು ಬಿಚ್ಚುವ ಮನೆಗಳಲ್ಲಿ ಕುದಿಯುವ ನೀರಿಗೆ ಕೈ ಇಟ್ಟು ಇಟ್ಟು ಬೆರಳ ಚರ್ಮ ಬೆಳ್ಳಗೆ ಬೆಂದು ಸುಲಿದ ಹೆಂಗಸರನ್ನು ನೋಡಿದ್ದೀರಲ್ಲ? ಆ ಕೈ ಹಾಳಾಯಿತೆಂದು ಯಾವ ಗಂಡಿನ ಕಡೆಯವರು ಕೊರಗಿದರು? ಒಂದು ಕಾಲದಲ್ಲಿ ಮಾಗಡಿ, ರಾಮನಗರಗಳ ಟ್ವಿಸ್ಟಿಂಗ್ ಫ್ಯಾಕ್ಟರಿಗಳಲ್ಲಿ ಶಾಲೆಗೆ ಬರಬೇಕಾದ ಮಕ್ಕಳು ದಿನವಿಡೀ ನಿಂತೇ ಇರುತ್ತಿದ್ದರು. ಆಗ ಮಕ್ಕಳ ಕಾಲು ನೋಯುತ್ತದೆಂದು ಊರು ಕಣ್ಣೀರಿಡಲಿಲ್ಲ. ಹೆಣ್ಣಿನ ಮೈ ದುಡಿದು ಕೆಟ್ಟರೆ ಪುಣ್ಯ, ಆಡಿ ಗಟ್ಟಿಯಾದರೆ ಪಾಪ. ಇದು ಯಾವ ಸೀಮೆಯ ನ್ಯಾಯ?

ಗಂಡಿಗೆ ಚಟ ಇರಬಾರದು, ಹೆಣ್ಣಿಗೆ ಹಠ ಇರಬಾರದು ಎಂದು ಗಾದೆ ಮಾಡಿದ್ದಾರೆ. ಮೊದಲ ಅರ್ಧವನ್ನು ನಾವು ಎಂದೋ ಮರೆತೆವು. ಸಂಜೆಯಾದರೆ ಬಾರಿನ ಮುಂದೆ ನಿಂತ ಬೈಕುಗಳ ಸಾಲು ನೋಡಿ. ಎರಡನೆಯ ಅರ್ಧವನ್ನು ಮಾತ್ರ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೇವೆ. ಹಠವಿಲ್ಲದೆ ಯಾರು ಏನು ಗೆದ್ದಾರು? ಕಾರ್ಕಳ ಕಡೆಯ ಮಮತಾ ಪೂಜಾರಿ ಕಬಡ್ಡಿ ಆಡಿಕೊಂಡೇ ರೈಲ್ವೆ ನೌಕರಿ ಸೇರಿದರು, ದೇಶಕ್ಕೆ ಚಿನ್ನ ತಂದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. 2010ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳೆಯರ ಕಬಡ್ಡಿ ಮೊದಲ ಬಾರಿ ಬಂದಾಗ ಚಿನ್ನ ಗೆದ್ದ ತಂಡದಲ್ಲಿ ನಮ್ಮ ತೇಜಸ್ವಿನಿ ಬಾಯಿ ಇದ್ದರು. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದರು. ಕಡೂರು ನಮ್ಮ ಕನಕಪುರಕ್ಕಿಂತ ದೊಡ್ಡ ಪಟ್ಟಣವೇನಲ್ಲ.

"ಎಲ್ಲ ಸರಿ, ಮದುವೆಯಾದ ಮೇಲೆ?" ಇದು ಕೊನೆಯ ಬಾಣ. ಇದಕ್ಕೂ ಬೆಲಾರೂಸಿನಲ್ಲೇ ಉತ್ತರವಿದೆ. ವಿಕ್ಟೋರಿಯಾ ಅಜರೆಂಕಾ ಎರಡು ಸಲ ಆಸ್ಟ್ರೇಲಿಯನ್ ಓಪನ್ ಗೆದ್ದವಳು. 2016ರ ಡಿಸೆಂಬರಿನಲ್ಲಿ ಮಗನನ್ನು ಹೆತ್ತಳು. ಮುಂದಿನ ವರ್ಷ ಮಗುವಿನ ತಂದೆಯೊಂದಿಗೆ ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಹತ್ತಿ, ಮಗನನ್ನು ಬಿಟ್ಟು ಹೋಗಲಾರದೆ ಅಮೆರಿಕನ್ ಓಪನ್ ತಪ್ಪಿಸಿಕೊಂಡಳು. ಹಾಗೆಂದು ಆಟಕ್ಕೆ ಶರಣು ಹೊಡೆಯಲಿಲ್ಲ. 2020ರಲ್ಲಿ ಅದೇ ಅಮೆರಿಕನ್ ಓಪನ್ ಫೈನಲ್‌ನಲ್ಲಿ ನಿಂತಳು. ಅವಳಂಥ ತಾಯಂದಿರು ದನಿ ಎತ್ತಿದ್ದರಿಂದ, ಹೆತ್ತು ಮರಳುವ ಆಟಗಾರ್ತಿ ತನ್ನ ಹಳೆಯ ಶ್ರೇಯಾಂಕವನ್ನು ಮೂರು ವರ್ಷದವರೆಗೆ ಬಳಸಬಹುದೆಂದು ಮಹಿಳಾ ಟೆನಿಸ್ ಸಂಸ್ಥೆ 2018ರ ಕೊನೆಯಲ್ಲಿ ನಿಯಮ ಮಾಡಿತು. 2025ರಲ್ಲಿ ಹೆರಿಗೆ ರಜೆಗೂ ಹಣ ಕೊಡುವ ಏರ್ಪಾಡಾಯಿತು. ನಮ್ಮ ಸಾನಿಯಾ ಮಿರ್ಜಾ ತಾಯಿಯಾದ ಮೇಲೆ 2020ರ ಜನವರಿಯಲ್ಲಿ ಮರಳಿ ಬಂದು ಹೋಬರ್ಟ್‌ನಲ್ಲಿ ಡಬಲ್ಸ್ ಗೆಲ್ಲಲಿಲ್ಲವೇ? ಮದುವೆ, ಮಗು ಹೆಣ್ಣಿನ ಆಟವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಮನೆಯವರು. ಹೆಸರು ಮಾತ್ರ ಮಗುವಿನದು.

ಎಲ್ಲರೂ ಚಾಂಪಿಯನ್ ಆಗುತ್ತಾರೆಯೇ ಎಂದು ಕೇಳಿ. ಖಂಡಿತ ಆಗುವುದಿಲ್ಲ. ಲೆಕ್ಕ ಕಲಿತವರೆಲ್ಲ ರಾಮಾನುಜನ್ ಆಗುವುದಿಲ್ಲ, ಹಾಗೆಂದು ಲೆಕ್ಕದ ಪೀರಿಯಡ್ಡನ್ನು ಯಾರೂ ತೆಗೆದುಹಾಕಿಲ್ಲ. ಆದರೆ ಪಿ.ಟಿ. ಪೀರಿಯಡ್ಡನ್ನು ಮಾತ್ರ ಡಿಸೆಂಬರ್ ಬಂದರೆ ಸಾಕು, ಎಸ್ಸೆಸ್ಸೆಲ್ಸಿ ರಿಸಲ್ಟಿನ ಹೆಸರಿನಲ್ಲಿ ಲೆಕ್ಕಕ್ಕೋ ವಿಜ್ಞಾನಕ್ಕೋ ಧಾರೆ ಎರೆಯುತ್ತಾರೆ. ಹುಡುಗರು ಸಂಜೆ ಬೀದಿಯಲ್ಲಿ ಆಡಿ ಆ ನಷ್ಟ ತುಂಬಿಕೊಳ್ಳುತ್ತಾರೆ. ಸಂಜೆ ಪಾತ್ರೆ ತೊಳೆಯಬೇಕಾದ ಹುಡುಗಿ ಎಲ್ಲಿ ತುಂಬಿಕೊಳ್ಳಬೇಕು? ಅವಳ ಪಾಲಿನ ಆಟವೆಲ್ಲ ಆ ವಾರದ ಒಂದೆರಡು ಪೀರಿಯಡ್ಡುಗಳೇ. ಅದನ್ನೂ ಕಿತ್ತುಕೊಳ್ಳುವುದು ಉಪಾಧ್ಯಾಯರಿಗೆ ತಕ್ಕ ಕೆಲಸವಲ್ಲ. ನನ್ನ ಸಹೋದ್ಯೋಗಿಗಳಿಗೆ ಬೇಸರವಾದರೆ ಆಗಲಿ.

ನಮ್ಮ ಹುಡುಗಿಯರೆಲ್ಲ ರಾಕೆಟ್ಟು ಹಿಡಿಯಲಿ ಎಂದು ನಾನು ಹೇಳುತ್ತಿಲ್ಲ. 2008ರಲ್ಲಿ ಸೆರೆನಾ ವಿಲಿಯಮ್ಸ್ ಬೆಂಗಳೂರಿನಲ್ಲಿ ಆಡಿ ಗೆದ್ದಳು. ಅದು ನಮ್ಮ ರಾಮನಗರದಿಂದ ಬರೀ ಐವತ್ತು ಕಿಲೋಮೀಟರ್. ಆದರೂ ಟೆನಿಸ್ ಅಂಕಣ ನಮ್ಮ ಶಾಲೆಗಳ ಅಳವಿಗೆ ಮೀರಿದ್ದು. ಕಬಡ್ಡಿಗೆ, ಖೋಖೋಗೆ ಏನು ಬೇಕು? ಒಂದಿಷ್ಟು ಮಣ್ಣು, ಒಂದು ಹಿಡಿ ಸುಣ್ಣ, ಬಟ್ಟೆ ಬದಲಾಯಿಸಲು ಚಿಲಕವಿರುವ ಒಂದು ಕೋಣೆ. ಇದನ್ನು ಕೊಡಲಾರದಷ್ಟು ಬಡವರಲ್ಲ ನಾವು.

ಆದ್ದರಿಂದ ತಾಯಂದಿರೇ, ಅಕ್ಕಂದಿರೇ, ಕೆಲಸ ನಮ್ಮದು. ಶಾಲೆಯ ಪೋಷಕರ ಸಭೆಗೆ ಹೋದಾಗ ಅಂಕ ಎಷ್ಟು ಬಂತು ಎಂದು ಕೇಳಿದ ಮೇಲೆ, ಈ ವಾರ ನನ್ನ ಮಗಳು ಎಷ್ಟು ಹೊತ್ತು ಮೈದಾನದಲ್ಲಿದ್ದಳು ಎಂದೂ ಕೇಳಿ. ಪಂದ್ಯಕ್ಕೆ ಹೊರ ಊರಿಗೆ ಕಳಿಸಲು ಭಯವೇ? ಭಯ ಸಹಜ. ಜೊತೆಗೆ ಶಿಕ್ಷಕಿಯೊಬ್ಬರು ಇರಲೇಬೇಕೆಂದು ಪಟ್ಟು ಹಿಡಿಯಿರಿ, ಬೇಕಾದರೆ ಒಬ್ಬ ತಾಯಿ ಜೊತೆಗೆ ಹೋಗಿ, ಆದರೆ ಕಳಿಸಿ. ಗೆದ್ದ ಬಹುಮಾನ ನೂರೇ ರೂಪಾಯಿ ಇರಲಿ, ಮಗಳ ಹೆಸರಿನ ಖಾತೆಗೆ ಹಾಕಿ, ಪಾಸ್‌ಬುಕ್ ಅವಳ ಕೈಗೇ ಕೊಡಿ. ಮುಂದೆ ಸಂಬಳ ಬರುವಾಗಲೂ ಆ ಪಾಸ್‌ಬುಕ್ ಅವಳ ಕೈಯಲ್ಲೇ ಇರುತ್ತದೆ. ಮೈದಾನದಲ್ಲಿ ಎದುರಾಳಿಯನ್ನು ಮುಟ್ಟಿ ಗೆರೆ ದಾಟಿ ಬಂದವಳಿಗೆ, ತನ್ನ ದುಡ್ಡು ತನ್ನದೆಂದು ಅಪ್ಪನೆದುರು ಹೇಳುವ ಧೈರ್ಯವೂ ಬರುತ್ತದೆ. ಅನೇಕರಿಗೆ ಹೆಣ್ಣುಮಕ್ಕಳ ಆಟದ ಬಗ್ಗೆ ಇರುವ ನಿಜವಾದ ಭಯ ಅದೇ. ಆ ಭಯ ಅವರಿಗಿರಲಿ, ನಮಗೆ ಬೇಡ.