ಕಂಪ್ಯೂಟರ್ ಐಸ್‌ಲ್ಯಾಂಡಿಗೆ ಹೋಯಿತು, ಕರೆಂಟಿನ ಲೆಕ್ಕ ಯಾರ ಖಾತೆಗೆ?

ಜರ್ಮನಿಯ ಕಾರು ಕಂಪನಿ ಬಿಎಂಡಬ್ಲ್ಯು 2012ರಲ್ಲಿ ಒಂದು ತೀರ್ಮಾನ ಮಾಡಿತು. ಕಾರಿನ ವಿನ್ಯಾಸಕ್ಕೆ ಲೆಕ್ಕ ಹಾಕುವ ತನ್ನ ಭಾರೀ ಕಂಪ್ಯೂಟರ್‌ಗಳಲ್ಲಿ ಹತ್ತು ಗುಂಪುಗಳನ್ನು ಐಸ್‌ಲ್ಯಾಂಡಿಗೆ ಸಾಗಿಸಿತು. ಕಂಪನಿಯ ಕೇಂದ್ರ ಕಚೇರಿ ಇರುವುದು ಮ್ಯೂನಿಕ್‌ನಲ್ಲಿ. ಅಲ್ಲಿಂದ ಐಸ್‌ಲ್ಯಾಂಡಿಗೆ ನೆಟ್ಟಗೆ ಗೆರೆ ಎಳೆದರೂ ಸುಮಾರು 2,700 ಕಿಲೋಮೀಟರ್. ನಡುವೆ ಸಮುದ್ರ. ಕೆಫ್ಲಾವಿಕ್ ಊರಿನ ಹತ್ತಿರ, ಹಿಂದೆ ನ್ಯಾಟೊ ಸೇನೆಯ ನೆಲೆಯಾಗಿದ್ದ ಜಾಗದಲ್ಲಿ ವರ್ನ್ ಗ್ಲೋಬಲ್ ಎಂಬ ಕಂಪನಿ ಡೇಟಾ ಸೆಂಟರ್ ಕಟ್ಟಿತ್ತು. ಬಿಎಂಡಬ್ಲ್ಯು ಅಲ್ಲಿ ಬಾಡಿಗೆಗೆ ಜಾಗ ಹಿಡಿಯಿತು.

ಇಷ್ಟು ದೂರ ಯಾಕೆ? ಕಾರಣ ಕರೆಂಟು.

ಆ ಹತ್ತು ಗುಂಪುಗಳು ವರ್ಷಕ್ಕೆ ನುಂಗುತ್ತಿದ್ದ ಕರೆಂಟು 63.1 ಲಕ್ಷ ಯೂನಿಟ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ 10 ಎಚ್‌ಪಿಯ ಸುಮಾರು 96 ಪಂಪ್‌ಸೆಟ್‌ಗಳು ಹಗಲೂ ರಾತ್ರಿ, ವರ್ಷದ 365 ದಿನ, ಒಂದು ಗಳಿಗೆಯೂ ನಿಲ್ಲದೆ ಓಡಿದಂತೆ. ಅದೂ ಪೂರ್ತಿ ವೋಲ್ಟೇಜ್‌ನಲ್ಲಿ. (ನಮ್ಮ ಕಡೆ ಅಂಥ ಕರೆಂಟು ಕಂಡವರು ಯಾರಿದ್ದಾರೋ, ಅದು ಬೇರೆ ಮಾತು.) ಈ ಯಂತ್ರಗಳು ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಹಾಕಲು ಎಸಿ, ಅದಕ್ಕೆ ಮತ್ತೆ ಕರೆಂಟು. ಐಸ್‌ಲ್ಯಾಂಡಿನಲ್ಲಿ ಬೇಸಿಗೆಯಲ್ಲೂ ಹೊರಗಿನ ಗಾಳಿ ತಣ್ಣಗೇ ಇರುತ್ತದೆ. ಆ ಗಾಳಿಯನ್ನೇ ಒಳಗೆ ಹಾಯಿಸಿದರೆ ಸಾಕು, ತಂಪು ಮಾಡುವ ಖರ್ಚು ಬಹಳಷ್ಟು ಉಳಿಯುತ್ತದೆ.

ಅಷ್ಟು ದೂರದ ಯಂತ್ರದಲ್ಲಿ ಕೆಲಸ ಆಗುತ್ತದೆಯೇ ಎಂದು ನೀವು ಕೇಳಬಹುದು. ಅದು ಯಾವ ಕೆಲಸ ಅನ್ನುವುದರ ಮೇಲೆ ಹೋಗುತ್ತದೆ. ಅಂಗಡಿಯಲ್ಲಿ ಫೋನ್‌ಪೇ ಮಾಡಿ ನಿಂತಿರುತ್ತೀರಿ, ಹಣ ಹೋಯಿತೋ ಇಲ್ಲವೋ ಆ ಕ್ಷಣವೇ ತಿಳಿಯಬೇಕು. ಕಾರಿನ ಲೆಕ್ಕ ಹಾಗಲ್ಲ. ಕಾರು ಗೋಡೆಗೆ ಗುದ್ದಿದರೆ ಎಲ್ಲಿ ಮಡಚುತ್ತದೆ, ಚಾಲಕನ ಎದೆಗೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ನೋಡಲು ಮೊದಲು ಕಂಪ್ಯೂಟರಿನಲ್ಲೇ ಗುದ್ದಿಸುತ್ತಾರೆ. ಇಡೀ ಕಾರನ್ನು ಲಕ್ಷಗಟ್ಟಲೆ ಚೂರುಗಳಾಗಿ ಕಲ್ಪಿಸಿಕೊಂಡು, ಪ್ರತಿ ಚೂರು ಎಷ್ಟು ಬಾಗಿತು, ಪಕ್ಕದ ಚೂರನ್ನು ಎಷ್ಟು ತಳ್ಳಿತು ಎಂದು ಲೆಕ್ಕ ಮಾಡುತ್ತಾರೆ. ನಿಜವಾದ ಡಿಕ್ಕಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಅದನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಸಣ್ಣ ಹೆಜ್ಜೆಗಳಲ್ಲಿ ನೋಡಬೇಕು. ಅಂದರೆ ಒಂದೇ ಡಿಕ್ಕಿಗೆ ಲಕ್ಷ ಹೆಜ್ಜೆ, ಹೆಜ್ಜೆಗೊಮ್ಮೆ ಅಷ್ಟೂ ಚೂರಿನ ಲೆಕ್ಕ. ಉತ್ತರ ಬರಲು ಗಂಟೆಗಟ್ಟಲೆ ಬೇಕು.

ಹಾಗಾಗಿ ಇದು ಗಿರಣಿಗೆ ಜೋಳ ಕೊಟ್ಟು ಬರುವಂಥ ಕೆಲಸ. ಸಂಜೆ ಕೊಟ್ಟು ಬರುತ್ತಾರೆ, ಬೆಳಿಗ್ಗೆ ಹಿಟ್ಟು ತರುತ್ತಾರೆ. ಗಿರಣಿ ಪಕ್ಕದ ಓಣಿಯಲ್ಲಿದ್ದರೂ ಒಂದೇ, ಪಕ್ಕದ ಊರಲ್ಲಿದ್ದರೂ ಒಂದೇ. ಸಮುದ್ರದ ತಳದಲ್ಲಿ ಹಾಸಿದ ಕೇಬಲ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ರಾತ್ರಿಯಿಡೀ ಓಡುವ ಲೆಕ್ಕಕ್ಕೆ ಅದು ಯಾವ ಲೆಕ್ಕ? ಆದರೆ ಒಂದು ಷರತ್ತಿದೆ. ಯಂತ್ರಗಳು ಒಂದಕ್ಕೊಂದು ಮಾತ್ರ ಹತ್ತಿರ ಇರಬೇಕು. ಒಂದೇ ಕಾರಿನ ಚೂರುಗಳನ್ನು ನೂರಾರು ಪ್ರೊಸೆಸರ್‌ಗಳು ಹಂಚಿಕೊಂಡಿರುತ್ತವೆ. ಪ್ರತಿ ಹೆಜ್ಜೆಗೂ ಒಂದಕ್ಕೆ ಇನ್ನೊಂದರ ಉತ್ತರ ಬೇಕು. ಅರ್ಧ ಜರ್ಮನಿಯಲ್ಲಿ, ಅರ್ಧ ಐಸ್‌ಲ್ಯಾಂಡಿನಲ್ಲಿ ಇಟ್ಟರೆ ಕೆಲಸ ಕೆಡುತ್ತದೆ. ಹೋದರೆ ಇಡೀ ಗುಂಪೇ ಹೋಗಬೇಕು. ಇಂಜಿನಿಯರ್ ಮಾತ್ರ ಎಲ್ಲಿ ಬೇಕಾದರೂ ಕೂರಬಹುದು. ಬೆಂಗಳೂರಿನಲ್ಲಿ ವಿದೇಶಿ ಕಾರು ಕಂಪನಿಗಳ ಕಚೇರಿಗಳಲ್ಲಿ ಇದೇ ಡಿಕ್ಕಿ ಲೆಕ್ಕ ಮಾಡುವ ನಮ್ಮ ಹುಡುಗ ಹುಡುಗಿಯರು ಬಹಳ ಇದ್ದಾರೆ. ಅವರ ಯಂತ್ರವೂ ಅವರ ಮೇಜಿನ ಕೆಳಗಿಲ್ಲ.

ಕಾಗದಪತ್ರದ ತೊಡಕೂ ಇರಲಿಲ್ಲ. ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದ ಸದಸ್ಯನಲ್ಲ. ಆದರೂ ಯುರೋಪಿನ ಆರ್ಥಿಕ ವಲಯದಲ್ಲಿದೆ, ಅಲ್ಲಿನ ಮಾಹಿತಿ ರಕ್ಷಣೆ ಕಾನೂನು ಇಲ್ಲಿಗೂ ಅನ್ವಯ.

ಇನ್ನು ಐಸ್‌ಲ್ಯಾಂಡ್ ಕಡೆಯಿಂದ ನೋಡೋಣ. ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡ ನೆಲ, ಜನ ನಾಲ್ಕು ಲಕ್ಷವೂ ಇಲ್ಲ. ಅಲ್ಲಿನ ಕರೆಂಟಿನಲ್ಲಿ ಸುಮಾರು ಶೇಕಡ 70 ಹೊಳೆ ನೀರಿನಿಂದ, ಉಳಿದದ್ದು ಭೂಮಿಯ ಒಡಲಿನ ಬಿಸಿಯಿಂದ. ಜನರಿಗೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಉತ್ಪಾದನೆ. ಆದರೆ ಅದನ್ನು ಮಾರಲು ಯುರೋಪಿಗೆ ವಿದ್ಯುತ್ ತಂತಿಯೇ ಇಲ್ಲ. ಹೀಗಾಗಿ ಕರೆಂಟನ್ನು ಬೇರೆ ರೂಪದಲ್ಲಿ ಹೊರಗೆ ಕಳಿಸುತ್ತಾರೆ. ಹೊರದೇಶದಿಂದ ಅದಿರಿನ ಪುಡಿ ಹಡಗಿನಲ್ಲಿ ಬರುತ್ತದೆ, ಅಲ್ಯೂಮಿನಿಯಂ ಆಗಿ ಹೊರಡುತ್ತದೆ. ದೇಶದ ಕರೆಂಟಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಅಲ್ಯೂಮಿನಿಯಂ ಕಾರ್ಖಾನೆಗಳಿಗೇ ಹೋಗುತ್ತದೆ. ಮನೆಗಳಿಗೆ ಹೋಗುವುದು ಶೇಕಡ 5ರ ಆಸುಪಾಸು. ಈಗ ಹೊಸ ಸರಕು ಲೆಕ್ಕ: ಫೈಬರ್ ಕೇಬಲ್‌ನಲ್ಲಿ ಬಂದು ಕೇಬಲ್‌ನಲ್ಲೇ ಹೋಗುತ್ತದೆ.

1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು ನೂರೈವತ್ತು ಕಿಲೋಮೀಟರ್ ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆಗ ಕೆಲಸ ಇದ್ದ ಕಡೆಗೆ ಕರೆಂಟು ನಡೆಯಿತು. ಚಿನ್ನವನ್ನು ಕಿತ್ತು ಬೇರೆ ಕಡೆ ಇಡಲಾಗದು ನೋಡಿ. ಲೆಕ್ಕವನ್ನು ಇಡಬಹುದು. ಅದಕ್ಕೇ ಈಗ ಕರೆಂಟು ಇದ್ದ ಕಡೆಗೆ ಕೆಲಸ ನಡೆಯುತ್ತಿದೆ. ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡಿ, ಅದರಲ್ಲಿ ಅರ್ಧ ಎಸಿಗೆ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ನನ್ನ ತಕರಾರು ಇರುವುದು ಅದಕ್ಕೆ ಕೊಟ್ಟ ಸರ್ಟಿಫಿಕೇಟಿನ ಬಗ್ಗೆ.

ಈ ಸ್ಥಳಾಂತರದಿಂದ ವರ್ಷಕ್ಕೆ 3,570 ಟನ್ ಇಂಗಾಲದ ಹೊಗೆ ಉಳಿಯುತ್ತದೆ ಎಂದು ಆಗ ಪ್ರಕಟಿಸಿದರು. ಭಾಗಾಕಾರ ಮಾಡಿ ನೋಡಿ, ಯೂನಿಟ್‌ಗೆ ಸುಮಾರು 566 ಗ್ರಾಂ. ಅದು ಅಂದಿನ ಜರ್ಮನಿಯ ಕರೆಂಟಿನ ಹೊಗೆ. ಐಸ್‌ಲ್ಯಾಂಡಿನ ಕರೆಂಟಿನ ಹೊಗೆ ಸೊನ್ನೆ ಎಂದು ಹಿಡಿದರು. ಮೇಲ್ನೋಟಕ್ಕೆ ಲೆಕ್ಕ ಸರಿ. ಆದರೆ ಈ ಲೆಕ್ಕಕ್ಕೆ ಎರಡು ತೂತುಗಳಿವೆ. ಒಂದು ಸಣ್ಣದು: ಜರ್ಮನಿ ಅಲ್ಲೇ ನಿಂತಿಲ್ಲ, 2023ರ ಹೊತ್ತಿಗೆ ಅಲ್ಲಿ ಬಳಸುವ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ, ಬಿಸಿಲು, ನೀರು ಮುಂತಾದವುಗಳಿಂದಲೇ ಬಂತು. ಉಳಿತಾಯದ ಅಂಕಿ ವರ್ಷ ವರ್ಷಕ್ಕೂ ಕರಗುತ್ತದೆ.

ಇನ್ನೊಂದು ದೊಡ್ಡದು. ಹೊಳೆಯ ಕರೆಂಟಿಗೂ ಒಂದು ಮಿತಿಯಿದೆ. ಕೆರೆಯ ನೀರು ಯಾರ ಗದ್ದೆಗೆ ಹರಿದರೂ ನೀರೇ, ಆದರೆ ಹೊಸ ಗದ್ದೆಗೆ ತೂಬು ತೆಗೆದರೆ ಹಳೆಯ ಗದ್ದೆಗೆ ಕಮ್ಮಿಯಾಗುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

2021ರ ಡಿಸೆಂಬರ್‌ನಲ್ಲಿ ಇದು ಕಣ್ಣಿಗೆ ಕಂಡಿತು. ಐಸ್‌ಲ್ಯಾಂಡಿನ ಜಲಾಶಯಗಳಲ್ಲಿ ನೀರು ಕಮ್ಮಿಯಾಯಿತು. ಸರ್ಕಾರಿ ವಿದ್ಯುತ್ ಕಂಪನಿ ಲ್ಯಾಂಡ್ಸ್‌ವಿರ್ಕ್ಯುನ್ ಕೆಲವು ಉದ್ಯಮಗಳಿಗೆ ಕರೆಂಟು ಕಡಿತ ಮಾಡಿತು. ಮೀನಿನ ಹಿಟ್ಟು ಮಾಡುವ ಕಾರ್ಖಾನೆಗಳು, ಕೆಲವು ಡೇಟಾ ಸೆಂಟರ್‌ಗಳು, ಅಲ್ಯೂಮಿನಿಯಂ ಕಾರ್ಖಾನೆಗಳು ಆ ಪಟ್ಟಿಯಲ್ಲಿದ್ದವು. ಆ ಹಂಗಾಮಿನಲ್ಲಿ ಕ್ಯಾಪೆಲಿನ್ ಎಂಬ ಸಣ್ಣ ಮೀನು ಹಿಡಿಯಲು ಎಷ್ಟೋ ವರ್ಷಗಳಲ್ಲೇ ದೊಡ್ಡ ಪಾಲು ಮಂಜೂರಾಗಿತ್ತು. ಮೀನು ಬಂದು ಬೀಳುತ್ತಿದೆ, ಬಾಯ್ಲರಿಗೆ ಕರೆಂಟಿಲ್ಲ. ಮೀನಿನ ಹಿಟ್ಟಿನವರು ಎಣ್ಣೆ ಸುಟ್ಟರು. ಹಸಿರು ಕರೆಂಟಿನ ದೇಶದ ಚಿಮಣಿಯಲ್ಲಿ ಎಣ್ಣೆಯ ಹೊಗೆ ಎದ್ದಿತು. ಆ ಹೊಗೆ ಬಿಎಂಡಬ್ಲ್ಯುವಿನಿಂದಲೇ ಬಂತು ಎಂದು ಯಾರೂ ಹೇಳಲಾಗದು. ಅದರ ಹತ್ತು ಗುಂಪು ಆ ದೇಶದ ಒಟ್ಟು ಕರೆಂಟಿನಲ್ಲಿ ಉಪ್ಪಿನ ಹರಳಿನಷ್ಟು. ಆದರೆ ಒಬ್ಬೊಬ್ಬರೂ ನಾನು ಹರಳು, ನಾನು ಹರಳು ಎನ್ನುತ್ತಲೇ ಸಾರು ಉಪ್ಪಾಗುವುದು. ಬಿಎಂಡಬ್ಲ್ಯು ಹಿಂದೆ ಬಿಟ್‌ಕಾಯಿನ್‌ನವರು ಹಿಂಡುಗಟ್ಟಿ ಬಂದರು. 2018ರಲ್ಲಿ ಎಚ್‌ಎಸ್ ಓರ್ಕಾ ಎಂಬ ವಿದ್ಯುತ್ ಕಂಪನಿಯ ಅಂದಾಜು ಹೀಗಿತ್ತು: ಆ ವರ್ಷ ಡೇಟಾ ಸೆಂಟರ್‌ಗಳ ಬಳಕೆ 84 ಕೋಟಿ ಯೂನಿಟ್ ಮುಟ್ಟಬಹುದು, ದೇಶದ ಅಷ್ಟೂ ಮನೆಗಳ ಬಳಕೆ 70 ಕೋಟಿ.

ಹಾಗಾದರೆ ಇನ್ನೊಂದು ಅಣೆಕಟ್ಟು ಕಟ್ಟಿ ಎನ್ನುತ್ತೀರಾ? ಅದನ್ನೂ ಮಾಡಿ ನೋಡಿದ್ದಾರೆ. ಪೂರ್ವ ಭಾಗದ ಕೌರಾಹ್ನ್ಯೂಕಾರ್ ಯೋಜನೆ 690 ಮೆಗಾವ್ಯಾಟ್‌ನದು. ಅಲ್ಕೋವಾ ಕಂಪನಿಯ ಒಂದು ಅಲ್ಯೂಮಿನಿಯಂ ಕಾರ್ಖಾನೆಗೆಂದೇ ಕಟ್ಟಿದ್ದು. ಅದರ ಹಿನ್ನೀರು ಸುಮಾರು 57 ಚದರ ಕಿಲೋಮೀಟರ್ ಬೆಟ್ಟದ ನೆಲವನ್ನು ಮುಳುಗಿಸಿತು. 2006ರಲ್ಲಿ ರಾಜಧಾನಿ ರೇಕ್ಯವಿಕ್‌ನ ಬೀದಿಯಲ್ಲಿ ಸಾವಿರಾರು ಜನ ಇದರ ವಿರುದ್ಧ ನಡೆದರು. ನೀರು ನಿಂತಿತು, ಕಾರ್ಖಾನೆ ಓಡಿತು.

ನನ್ನನ್ನು ಇದೆಲ್ಲಕ್ಕಿಂತ ಹೆಚ್ಚು ಕಾಡಿದ್ದು 2024ರ ಫೆಬ್ರವರಿ. ಡೇಟಾ ಸೆಂಟರ್ ಇರುವ ರೇಕ್ಯನೆಸ್ ಭಾಗದಲ್ಲಿ ಜ್ವಾಲಾಮುಖಿಗಳು ಎದ್ದಿದ್ದವು. ಅದಕ್ಕೂ ಮುಂಚೆ, 2023ರ ನವೆಂಬರ್‌ನಲ್ಲಿ, ಗ್ರಿಂಡವಿಕ್ ಎಂಬ ಮೀನುಗಾರರ ಊರನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಿಸಿದ್ದರು. ಸುಮಾರು 3,800 ಜನ. ಫೆಬ್ರವರಿ 8ರಂದು ಲಾವಾ ಹರಿದು ಬಿಸಿನೀರಿನ ದೊಡ್ಡ ಪೈಪನ್ನೇ ಸುಟ್ಟುಹಾಕಿತು. ಅಲ್ಲಿ ಮನೆ ಬೆಚ್ಚಗಿರುವುದು ಆ ಪೈಪಿನ ನೀರಿನಿಂದ. ಕೆಫ್ಲಾವಿಕ್ ಸೇರಿ 20,000ಕ್ಕೂ ಹೆಚ್ಚು ಜನ ಚಳಿಗಾಲದ ನಡುವೆ ಕೆಲವು ದಿನ ಬಿಸಿನೀರಿಲ್ಲದೆ ಕಳೆದರು. ಎಲ್ಲರೂ ಕರೆಂಟಿನ ಹೀಟರ್ ತಂದರು. ಆಗ ಅಧಿಕಾರಿಗಳು ಹೇಳಿದ್ದೇನು ಗೊತ್ತೆ? ಒಂದು ಮನೆಗೆ 2.5 ಕಿಲೋವ್ಯಾಟ್ ಮೀರಬೇಡಿ, ಲೈನು ತಡೆಯುವುದಿಲ್ಲ. ಅಂದರೆ ಒಂದು ಹೀಟರ್ ಹಾಕಿದರೆ ಅಲ್ಲಿಗೆ ಮುಗಿಯಿತು.

ಇದಕ್ಕೆ ಡೇಟಾ ಸೆಂಟರ್ ಕಾರಣವಲ್ಲ, ಆ ಆರೋಪ ಹೊರಿಸುವುದು ತಪ್ಪಾಗುತ್ತದೆ. ದೇಶದಲ್ಲಿ ಕರೆಂಟು ಇತ್ತು. ಮನೆಗಳಿಗೆ ಹೋಗುವ ತಂತಿ ತೆಳ್ಳಗಿತ್ತು, ಅಷ್ಟೆ. ಆದರೆ ಅದೇ ಸೀಮೆಯಲ್ಲಿ, ದೂರದೇಶದ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡುವ ಯಂತ್ರಗಳಿಗೆ ನೂರಾರು ಕಿಲೋವ್ಯಾಟ್ ಹೊರುವ ದಪ್ಪ ಲೈನು ಹಾಕುವುದು ಯಾರಿಗೂ ಕಷ್ಟವಾಗಿರಲಿಲ್ಲ. ಊರಿನ ಟಿಸಿ ಸುಟ್ಟು ವಾರವಾದರೂ ಬದಲಾಗದೆ, ಪಕ್ಕದಲ್ಲೇ ಕಾರ್ಖಾನೆಗೆ ಹೋಗುವ ಎಕ್ಸ್‌ಪ್ರೆಸ್ ಲೈನು ಝಗಮಗಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉದ್ಯೋಗದ ಮಾತೂ ಬರುತ್ತದೆ. 2006ರಲ್ಲಿ ಅಮೆರಿಕದ ಸೇನೆ ಕೆಫ್ಲಾವಿಕ್ ನೆಲೆ ಬಿಟ್ಟು ಹೋದಾಗ ಆ ಭಾಗದ ನೂರಾರು ಮಂದಿಯ ಕೆಲಸ ಹೋಯಿತು. ಹೊಸದು ಏನಾದರೂ ಬರಲಿ ಎಂದು ಜನ ಕಾದಿದ್ದು ನ್ಯಾಯವೇ. ಆದರೆ ಡೇಟಾ ಸೆಂಟರ್ ಅನ್ನುವುದು ಜನರಿಗಿಂತ ಯಂತ್ರಗಳೇ ಹೆಚ್ಚಿರುವ ಜಾಗ. ಕಟ್ಟುವಾಗ ಕೂಲಿ ಇರುತ್ತದೆ, ಕಟ್ಟಿದ ಮೇಲೆ ಕಾವಲು, ರಿಪೇರಿ, ನಾಲ್ಕು ಇಂಜಿನಿಯರ್. ಕಂಪನಿ ಮನಸ್ಸು ಬದಲಿಸಿದರೆ ಪೆಟ್ಟಿಗೆಗಳನ್ನು ಬಿಚ್ಚಿ ಹಡಗಿಗೆ ಹಾಕುವುದು ಅಣೆಕಟ್ಟು ಕಟ್ಟಿದಷ್ಟು ಕಷ್ಟವಲ್ಲ.

ಹೀಗಿದ್ದೂ ಐಸ್‌ಲ್ಯಾಂಡಿನವರ ಕೈಯಲ್ಲಿ ಒಂದು ಹಿಡಿತ ಉಳಿದಿದೆ. ಅತಿ ದೊಡ್ಡ ವಿದ್ಯುತ್ ಕಂಪನಿ ಸರ್ಕಾರದ್ದು. ಅದರ ಲಾಭ ಬೊಕ್ಕಸಕ್ಕೆ ಬರುತ್ತದೆ. 2021ರ ಆ ಚಳಿಗಾಲದಲ್ಲೇ ಅದು ಹೊಸ ಬಿಟ್‌ಕಾಯಿನ್ ಗಿರಾಕಿಗಳಿಗೆ ಕರೆಂಟು ಕೊಡುವುದಿಲ್ಲ ಎಂದು ಬಾಗಿಲು ಹಾಕಿತು. 2024ರಲ್ಲಿ ಆಗಿನ ಪ್ರಧಾನಿ ಕತ್ರಿನ್ ಯಾಕೋಬ್ಸ್‌ಡೊತ್ತಿರ್ ಬಿಟ್‌ಕಾಯಿನ್‌ಗೆ ಕರೆಂಟು ಸುರಿಯುವುದು ಬಿಟ್ಟು ಧಾನ್ಯ ಬೆಳೆಯುವತ್ತ ಗಮನ ಕೊಡಬೇಕು, ದೇಶದ ಊಟ ದೇಶದಲ್ಲೇ ಆಗಬೇಕು ಎಂಬ ಮಾತಾಡಿದರು. ಆ ಚಳಿಯಲ್ಲಿ ಧಾನ್ಯ! ಅಂತೂ ಕಾರಿನ ಲೆಕ್ಕಕ್ಕೂ ನಾಣ್ಯದ ಲೆಕ್ಕಕ್ಕೂ ಬೆಳೆಗೂ ಒಂದೇ ಕರೆಂಟು ಎಂದ ಮೇಲೆ ಯಾರಿಗೆ ಮೊದಲು ಎಂದು ಕೇಳುವ ಧೈರ್ಯ ಅವರಿಗಿತ್ತು.

ನಮ್ಮ ರಾಜ್ಯವೂ 2022ರಲ್ಲಿ ಡೇಟಾ ಸೆಂಟರ್ ನೀತಿ ತಂದಿದೆ, ಬನ್ನಿ ಎಂದು ಕಂಪನಿಗಳಿಗೆ ರಿಯಾಯಿತಿ ಇಟ್ಟಿದೆ. ಬರಲಿ. ಯಾವುದಾದರೂ ಊರಿಗೆ ಬಂದರೆ ಉದ್ಘಾಟನೆಯ ಫೋಟೊ ಪೇಪರಿನಲ್ಲಿ ಬರುತ್ತದೆ, ಎಷ್ಟು ಕೋಟಿ ಬಂಡವಾಳ ಎಂಬುದೂ ಬರುತ್ತದೆ. ವಿದ್ಯುತ್ ಒಪ್ಪಂದದ ಒಂದು ಪುಟ ಮಾತ್ರ ಬರುವುದಿಲ್ಲ. ಜಲಾಶಯದ ಮಟ್ಟ ಕುಸಿದ ವರ್ಷ ಯಾರ ಲೈನು ಮೊದಲು ಆಫ್ ಆಗಬೇಕು ಎಂದು ಬರೆದಿರುವ ಪುಟ ಅದು. ಐಸ್‌ಲ್ಯಾಂಡಿನ ಮೀನಿನ ಹಿಟ್ಟಿನವರು ಅಗ್ಗದ ದರಕ್ಕೆ ಒಪ್ಪಿ, ಕೊರತೆ ಬಂದರೆ ಮೊದಲು ನಮ್ಮದನ್ನೇ ಕಡಿತ ಮಾಡಿ ಎಂದು ಸಹಿ ಹಾಕಿದ್ದರು. ನಮ್ಮ ಪಂಪ್‌ಸೆಟ್‌ನ ತ್ರೀ ಫೇಸ್ ಕರೆಂಟಿಗೆ ಅಂಥ ಸಹಿಯನ್ನು ನಾವು ಯಾರೂ ಹಾಕಿಲ್ಲ. ಆದರೂ ಬರಗಾಲದಲ್ಲಿ ಮೊದಲು ಹೋಗುವುದು ಅದೇ.