ಹೊಳೆಯ ನೀರೋ, ಹೊಲದ ಬೆಳೆಯೋ?

ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎಂಬ ಗಾದೆ ನಮ್ಮಲ್ಲಿದೆ. ಅಂತರ್ಜಾಲದಲ್ಲಿ ಸಿಗುವ ಚಿತ್ರಗಳ ವಿಷಯದಲ್ಲಿ ಅನೇಕ ಹುಡುಗರು ನಂಬಿರುವುದೂ ಇದನ್ನೇ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲೂ ಈಗ ಮೊಬೈಲ್ ಇದೆ. ಎಐ ಎಂದು ಕರೆಯುವ ಕೃತಕ ಬುದ್ಧಿಮತ್ತೆಗೆ ನಾಲ್ಕು ಸಾಲು ಬರೆದು ಕೊಟ್ಟರೆ ನಿಮಿಷದೊಳಗೆ ಚಿತ್ರ ಸಿದ್ಧ. ಅದನ್ನು ಅಂಗಿ, ಕಪ್ಪು, ಕ್ಯಾಲೆಂಡರುಗಳ ಮೇಲೆ ಅಚ್ಚು ಹಾಕಿಸಿ ಆನ್‌ಲೈನಿನಲ್ಲಿ ಮಾರುವ ದಾರಿಯೂ ಇದೆ. ಮಗನೋ ಮಗಳೋ ಮನೆಯಲ್ಲೇ ಕುಳಿತು ನಾಲ್ಕು ಕಾಸು ದುಡಿಯುತ್ತಾರೆಂದರೆ ಯಾವ ಪಾಲಕರಿಗೆ ಖುಷಿಯಾಗದು? ಆದರೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಚಿತ್ರ ಬಂದದ್ದು ಹೊಳೆಯಿಂದಲೋ, ಇನ್ನೊಬ್ಬರ ಹೊಲದಿಂದಲೋ?

ಎಐ ತಾನಾಗಿ ಏನನ್ನೂ ಕಂಡಿಲ್ಲ. ಮನುಷ್ಯರು ಬಿಡಿಸಿದ ಚಿತ್ರಗಳನ್ನು, ತೆಗೆದ ಫೋಟೋಗಳನ್ನು ಕೋಟಿಗಟ್ಟಲೆ ತೋರಿಸಿ ಅದಕ್ಕೆ ಕಲಿಸಲಾಗಿದೆ. 2022ರಲ್ಲಿ ಹೊರಬಂದ ಲಯಾನ್-5ಬಿ ಎಂಬ ಒಂದೇ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳಿದ್ದವು. ಬಿಡಿಸಿದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅದೇ ವರ್ಷ ಪೋಲೆಂಡಿನ ಚಿತ್ರಕಾರ ಗ್ರೆಗ್ ರುಟ್ಕೋವ್‌ಸ್ಕಿ ಅವರ ಹೆಸರು ಬರೆದು ಜನ ಸಾವಿರಗಟ್ಟಲೆ ಚಿತ್ರ ಮಾಡಿಸಿದರು. ತಮ್ಮ ಹೆಸರು ಹುಡುಕಿದರೆ ತಾವು ಬಿಡಿಸದ ಚಿತ್ರಗಳೇ ಎದುರಾಗುತ್ತಿವೆ ಎಂದು ಅವರು ಗೋಳಾಡಿದರು. 2023ರ ಜನವರಿಯಲ್ಲಿ ಅಮೆರಿಕದ ಮೂವರು ಕಲಾವಿದರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹೀಗೆ ಕಲಿಸುವ ಕಂಪನಿಗಳು ಕೃತಿಕಾರರಿಗೆ ಗೌರವಧನ ಕೊಡಬೇಕೆಂದು ನಮ್ಮ ಕೇಂದ್ರ ಸರಕಾರದ ಸಮಿತಿಯೊಂದು 2025ರ ಡಿಸೆಂಬರಿನಲ್ಲಿ ಸೂಚಿಸಿತು.

ಇದರ ನ್ಯಾಯ ತೊಗರಿ ಬೆಳೆಯುವ ನಮ್ಮ ಜನಕ್ಕೆ ತಿಳಿಯದ್ದಲ್ಲ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇರೆಲ್ಲಿಯದೋ ಬೇಳೆಯನ್ನು ಆ ಹೆಸರಿನಲ್ಲಿ ಮಾರಿದರೆ ನಮ್ಮ ರೈತ ಸುಮ್ಮನಿರುವನೇ? ಚಿತ್ರಕಾರನ ಪಾಲಿಗೆ ಅವನ ಹೆಸರು, ಅವನ ರೇಖೆಯೇ ಬೆಳೆ.

ಇನ್ನು ಕಾನೂನಿನ ಮಾತು. ಕಲಬುರಗಿಗೆ ಹೋದವರು ಎಸ್.ಎಂ. ಪಂಡಿತ ರಂಗಮಂದಿರವನ್ನು ನೋಡಿರುತ್ತೀರಿ. ಪಂಡಿತರು 1916ರಲ್ಲಿ ಅದೇ ಊರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳಿಂದ, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರು ತೀರಿಕೊಂಡದ್ದು 1993ರಲ್ಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾವಿದನ ಮರಣಾನಂತರವೂ 60 ವರ್ಷ ಹಕ್ಕು ಉಳಿಯುತ್ತದೆ. ಅಂದರೆ ಪಂಡಿತರ ಚಿತ್ರಗಳ ಹಕ್ಕು 2053ರ ಕೊನೆಯವರೆಗೆ ಯಾರದೋ ಕೈಯಲ್ಲಿ ಇದ್ದೇ ಇರುತ್ತದೆ. ಅವರ ಪಟದ ಫೋಟೋ ತೆಗೆದು, ಎಐಗೆ ಉಣಿಸಿ, ಬಣ್ಣ ಬದಲಿಸಿ ಮಾರುವುದು ತಪ್ಪು. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಚಿತ್ರಗಳು ಈಗ ನಿಜಕ್ಕೂ ಹೊಳೆಯ ನೀರು. ದೇವಲ ಗಾಣಗಾಪುರದಲ್ಲಿ ಕೊಂಡ ದತ್ತಾತ್ರೇಯನ ಪಟಕ್ಕೂ ಇದೇ ಲೆಕ್ಕ. ದೇವರು ಎಲ್ಲರವನು, ಆದರೆ ಪಟ ಬಿಡಿಸಿದ ಕೈ ಒಬ್ಬರದು.

ಶೈಲಿಗೆ ಹಕ್ಕಿಲ್ಲವಲ್ಲ ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ನಿಜ, ಕಾಯ್ದೆ ಕಾಯುವುದು ಚಿತ್ರವನ್ನು, ಶೈಲಿಯನ್ನಲ್ಲ. ಆದರೆ ಬದುಕಿರುವ ಕಲಾವಿದರೊಬ್ಬರ ಶೈಲಿಯನ್ನೇ ಎಐಯಿಂದ ತೆಗೆಸಿ, ಅವರಿಗಿಂತ ಅಗ್ಗಕ್ಕೆ ಮಾರಿದರೆ ಅವರ ಅನ್ನಕ್ಕೆ ಕೈಹಾಕಿದಂತೆ. ಕಾಯ್ದೆಗೆ ಸಿಗದ ತಪ್ಪುಗಳೂ ಇರುತ್ತವೆ.

ಪಾಲಕರಿಗೊಂದು ಮಾತು. 18 ತುಂಬದ ಮಕ್ಕಳು ಇಂಥ ವ್ಯಾಪಾರ ಮಾಡುವುದು ಸಾಮಾನ್ಯವಾಗಿ ನಿಮ್ಮ ಹೆಸರಿನಲ್ಲಿ, ನಿಮ್ಮ ಬ್ಯಾಂಕ್ ಖಾತೆಯ ಮೂಲಕ. ತಿಳಿದೂ ತಿಳಿದೂ ಕೃತಿಸ್ವಾಮ್ಯ ಮುರಿದವರಿಗೆ ಕಾಯ್ದೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಹೇಳಿದೆ. ಆದ್ದರಿಂದ ಎಷ್ಟು ಬಂತು ಎಂದು ಕೇಳುವ ಮೊದಲು ಎಲ್ಲಿಂದ ತಂದೆ ಎಂದು ಕೇಳಿ.

ಹಾಗೆಂದು ನೋಡಿ ಬಿಡಿಸುವುದೇ ಬೇಡವೆಂದಲ್ಲ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂರುವವರು ಹಿರಿಯರ ಚಿತ್ರಗಳನ್ನು ನೂರು ಸಲ ನೋಡಿ ಬಿಡಿಸಲಿ; ಕೈ ಪಳಗುವುದೇ ಹಾಗೆ. ಅದು ಕಲಿಕೆ. ಮಾರಾಟಕ್ಕೆ ಇಳಿದಾಗ ಮಾತ್ರ ಇನ್ನೊಬ್ಬರದಾದರೆ ಅನುಮತಿ ಪಡೆಯಿರಿ, ಹೆಸರು ಹಾಕಿ. ಎಐ ಬಳಸಿದ್ದರೆ ಕೊಳ್ಳುವವರಿಗೆ ಹಾಗೆಂದೇ ಹೇಳಿ. ಎಲ್ಲಕ್ಕಿಂತ ಒಳ್ಳೆಯದು, ನಿಮ್ಮ ಸುತ್ತ ಇರುವುದನ್ನು ನೀವೇ ನೋಡಿ ಬಿಡಿಸುವುದು: ಭೀಮಾ ದಂಡೆಯ ಸಂಜೆ, ಊರ ಜಾತ್ರೆಯ ತೇರು, ಹೂ ಬಿಟ್ಟ ತೊಗರಿ ಹೊಲ. ಮನೆಯಲ್ಲಿ ಅವ್ವ ಹೊಲಿದ ಕೌದಿಯ ವಿನ್ಯಾಸವನ್ನೂ ಬಿಡಿಸಬಹುದು. ಆದರೆ ಅದನ್ನು ಮಾರುವಾಗ ಅವ್ವನನ್ನು ಕೇಳಿ, ಅವಳ ಹೆಸರನ್ನೂ ಹಾಕಿ.