ಮೂರ್ಛೆರೋಗದವರು ಎಷ್ಟು ಮಂದಿ?

ನಾಗರಹೊಳೆಯ ಕಾಡಿನಂಚಿಗಿರುವ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಂತಹ ಊರೊಂದರಲ್ಲಿ ಯಾರನ್ನಾದರೂ ನಿಲ್ಲಿಸಿ, "ಇಲ್ಲಿ ಮೂರ್ಛೆರೋಗದವರು ಎಷ್ಟು ಮಂದಿ ಇರುವರು?" ಎಂದು ಕೇಳಿದರೆ, ಒಬ್ಬರೋ ಇಬ್ಬರೋ ಎಂಬ ಉತ್ತರ ಬಂದೀತು. ಸಂತೆಯಲ್ಲಿ, ಜಾತ್ರೆಯಲ್ಲಿ ಎಲ್ಲರ ಕಣ್ಣೆದುರಿಗೆ ಬಿದ್ದವರು ಮಾತ್ರ ಈ ಲೆಕ್ಕಕ್ಕೆ ಸೇರುವರು. ಮನೆಯೊಳಗೆ ಬಿದ್ದೆದ್ದವರ ಸುದ್ದಿ ಹೊಸಿಲು ದಾಟುವುದಿಲ್ಲ. ಬಿದ್ದವಳು ಮದುವೆಗೆ ಬಂದ ಮಗಳಾದರಂತೂ ನೆರೆಮನೆಗೂ ತಿಳಿಯದು.

ಆದುದರಿಂದ ನಿಜವಾದ ಎಣಿಕೆಯನ್ನು ತಿಳಿಯಬೇಕಾದರೆ ಮನೆಮನೆಯ ಬಾಗಿಲಿಗೂ ಹೋಗಿಯೇ ವಿಚಾರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಗೌರೀದೇವಿಯವರೂ ಅವರ ಸಹೋದ್ಯೋಗಿಗಳೂ 1993ರಿಂದ 1995ರವರೆಗೆ ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಹೀಗೆಯೇ ಮಾಡಿದರು. ಒಂದು ಲಕ್ಷಕ್ಕೂ ಮಿಗಿಲಾದ ಜನರನ್ನು ವಿಚಾರಿಸಿದ ಮೇಲೆ ದೊರೆತ ಲೆಕ್ಕವಿದು: ಸಾವಿರ ಮಂದಿಯಲ್ಲಿ ಸುಮಾರು ಒಂಬತ್ತು ಜನರಿಗೆ ಮೂರ್ಛೆರೋಗವಿದ್ದಿತು. ಪಟ್ಟಣವನ್ನೂ ಹಳ್ಳಿಯನ್ನೂ ಬೇರೆಬೇರೆಯಾಗಿ ನೋಡಿದಾಗ, ಪಟ್ಟಣದಲ್ಲಿ ಸಾವಿರಕ್ಕೆ ಆರಕ್ಕಿಂತ ತುಸು ಕಡಿಮೆ, ಹಳ್ಳಿಯಲ್ಲಿ ಹತ್ತಿರಹತ್ತಿರ ಹನ್ನೆರಡು! ಆ ಪ್ರಮಾಣವನ್ನೇ ಹಿಡಿದರೆ ಸಾವಿರ ಜನರ ಊರಿನಲ್ಲಿ ಒಬ್ಬರಿಬ್ಬರಲ್ಲ, ಒಂದು ಡಜನ್ ಮಂದಿ ಇರಬೇಕು. ಉಳಿದ ಹತ್ತು ಮಂದಿ ಎಲ್ಲಿ ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಬಡದೇಶಗಳಲ್ಲಿ ಈ ಬೇನೆ ಹೆಚ್ಚಾಗಿರುವುದಕ್ಕೆ ಕಷ್ಟದ ಹೆರಿಗೆ, ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ಹಂದಿಯ ಲಾಡಿಹುಳುವಿನ ತತ್ತಿಗಳು ಮಲಿನವಾದ ಆಹಾರದ ಮೂಲಕ ಹೊಟ್ಟೆ ಸೇರುವುದು, ಇವೆಲ್ಲ ಕಾರಣಗಳೆಂದು ವೈದ್ಯರು ಹೇಳುವರು. ಅನೇಕರಲ್ಲಿ ಯಾವ ಕಾರಣವೂ ಕಾಣುವುದಿಲ್ಲ. ಗಾಳಿ ಸೋಕಿತು, ದೃಷ್ಟಿ ತಾಕಿತು ಎಂಬ ಮಾತಿಗೆ ಮಾತ್ರ ಆಧಾರವಿಲ್ಲ.

ನಮ್ಮ ಮೈಸೂರು ಸೀಮೆಗೆ ವಿಶೇಷವೆನ್ನಬಹುದಾದ ಬಗೆಯೊಂದುಂಟು. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ತಲೆಯ ಮೇಲೆ ಹೊಯ್ದುಕೊಳ್ಳುತ್ತಿರುವಾಗಲೇ ಕೆಲವರಿಗೆ ಕಣ್ಣು ಮಂಕಾಗಿ ಮೂರ್ಛೆ ಬರುವುದು. ಡಾ. ಕೆ. ಎಸ್. ಮಣಿ, ಡಾ. ಪಿ. ಸತೀಶ್ಚಂದ್ರ ಮೊದಲಾದವರು ಇದನ್ನು ಪರಿಶೀಲಿಸಿ ಬರೆದಿರುವರು. 1988ರ ಒಂದು ವರದಿಯಲ್ಲಿಯೇ 279 ರೋಗಿಗಳ ವಿವರವಿದೆ. ಇಂತಹವರಿಗೆ ಎಣ್ಣೆನೀರಿನ ದಿನದಲ್ಲಿಯೂ ಉಗುರುಬೆಚ್ಚಗಿನ ನೀರೇ ಸಾಕು. ಬಚ್ಚಲಿನ ಅಗುಳಿಯನ್ನು ಒಳಗಿನಿಂದ ಹಾಕಿಕೊಳ್ಳಲು ಬಿಡಬಾರದು.

ಬಿದ್ದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವ ಪದ್ಧತಿ ಎಲ್ಲೆಡೆಯೂ ಇದೆ. ಸೆಳೆತವು ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ, ಕೀರ್ತಿಯೆಲ್ಲ ಕಬ್ಬಿಣಕ್ಕೆ ಸಲ್ಲುತ್ತದೆ! ಮಾಡಬೇಕಾದುದು ಬೇರೆ: ಬಿದ್ದವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕತ್ತಿನ ಬಟ್ಟೆಯನ್ನು ಸಡಿಲಿಸಿ, ಬಳಿಯಲ್ಲಿರಬೇಕು. ಬಾಯೊಳಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಕೂಡದು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಔಷಧವಾದರೋ ಹಳೆಯದು, ಅಗ್ಗವಾದುದು. ಫೀನೋಬಾರ್ಬಿಟೋನ್ ಈ ರೋಗಕ್ಕೆ ಬಳಕೆಗೆ ಬಂದುದು 1912ರಲ್ಲಿ, ಫೆನಿಟಾಯಿನ್ 1938ರಲ್ಲಿ. ಡಾ. ಮಣಿಯವರು ಯಳಂದೂರಿನ ಹಳ್ಳಿಗಳಲ್ಲಿ 135 ರೋಗಿಗಳಿಗೆ ಈ ಎರಡು ಮಾತ್ರೆಗಳನ್ನೇ ಕೊಟ್ಟು ಐದು ವರ್ಷ ನೋಡಿದರು. 2001ರಲ್ಲಿ ಅಚ್ಚಾದ ಅವರ ವರದಿಯಂತೆ, ಹೆಚ್ಚು ಸಲ ಬೀಳುವ ಮೊದಲೇ ಚಿಕಿತ್ಸೆ ಹಿಡಿದವರಿಗೆ ಹೆಚ್ಚು ಗುಣವಾಯಿತು. ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ ಎಪ್ಪತ್ತು ಮಂದಿಯವರೆಗೂ ಮೂರ್ಛೆಯಿಲ್ಲದೆ ಬಾಳಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಅತಿ ಬಡದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದೂ ಅದೇ ಸಂಸ್ಥೆ ಹೇಳುತ್ತದೆ.

ಹಣವೊಂದೇ ಅಡ್ಡಿಯಲ್ಲ. ಹಿಂದೂ ವಿವಾಹ ಕಾನೂನಿನಲ್ಲಿಯೇ 1976ರ ತಿದ್ದುಪಡಿಯಿಂದ ಪದೇಪದೇ ಬರುವ ಮೂರ್ಛೆರೋಗವು ಮದುವೆಗೆ ಅಡ್ಡಿಯೆಂದು ಸೇರಿದ್ದಿತು. 1999ರಲ್ಲಿ ಅದನ್ನು ತೆಗೆದುಹಾಕಿದರು. ಕಾನೂನು ಬಿಟ್ಟುದನ್ನು ಬೀಗರು ಇನ್ನೂ ಬಿಟ್ಟಿಲ್ಲ. ತೌರಿನವರು ಮುಚ್ಚಿಟ್ಟು ಧಾರೆಯೆರೆದ ಹುಡುಗಿ, ಅತ್ತೆಯ ಮನೆಯಲ್ಲಿ ಮಾತ್ರೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡುವಳು. ಯಾರಾದರೂ ಕಂಡಾರೆಂದು ಒಂದು ದಿನ ಬಿಡುವಳು, ಮುಗಿದ ಮೇಲೆ ತರಿಸಲು ಬಾಯಿಲ್ಲದೆ ನಿಲ್ಲಿಸಿಯೇಬಿಡುವಳು. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮೂರ್ಛೆಯು ಮೊದಲಿಗಿಂತ ಜೋರಾಗಿ ಮರಳುವುದುಂಟು. ಒಲೆಯ ಮುಂದೆ, ಬಾವಿಯ ಕಟ್ಟೆಯ ಬಳಿ ಬೀಳುವುದು ಇಂತಹ ದಿನಗಳಲ್ಲಿಯೇ.